ಅಸೆಂಬ್ಲಿಯ ‘ದಿನಕ್ಕೊಂದು ವಿಚಿತ್ರ’ ನಿಲ್ಲಿಸಬೇಕೇ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಯು.ಪಿ. (ಹಿರಿಯ ಪ್ರಾಥಮಿಕ) ತರಗತಿಗಳಿಗೆ ಪಾಠ ಮಾಡುತ್ತೇನೆ. ಎರಡು ವರ್ಷಗಳಿಂದ ಬೆಳಗ್ಗಿನ ಅಸೆಂಬ್ಲಿಯಲ್ಲಿ ‘ದಿನಕ್ಕೊಂದು ವಿಚಿತ್ರ’ ಎಂದು ಚರಿತ್ರೆಯ ಒಂದೊಂದು ಸಂಗತಿ ಹೇಳುತ್ತಾ ಬಂದಿದ್ದೇನೆ. ಹೆಚ್ಚಿನವು ವಾಟ್ಸಾಪ್‌ನಲ್ಲಿ ಬಂದವು, ಕೆಲವು ಹಳೆಯ ಕ್ವಿಜ್ ಪುಸ್ತಕಗಳಿಂದ ತೆಗೆದವು. ಮಕ್ಕಳಿಗೆ ಇದೆಂದರೆ ಜೀವ. ಆದರೆ ಈ ಜೂನ್‌ನಿಂದ ಮೂರು ಸಲ ತಕರಾರು ಬಂತು. ಚೀನಾದ ಗೋಡೆ ಚಂದ್ರನಿಂದ ಕಾಣುತ್ತದೆ ಎಂದದ್ದು ಸುಳ್ಳು ಎಂದು ಗಲ್ಫಿನಲ್ಲಿರುವ ಒಬ್ಬ ತಂದೆ ವಾಯ್ಸ್ ಮೆಸೇಜ್ ಕಳಿಸಿದರು. ಬೇಕಲ ಕೋಟೆ ಕಟ್ಟಿಸಿದ್ದು ಟಿಪ್ಪು ಎಂದದ್ದಕ್ಕೆ ಒಬ್ಬ ಹುಡುಗಿಯ ಅಜ್ಜ ಶಾಲೆಗೇ ಬಂದರು. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ ಜೀವಮಾನವಿಡೀ ಅನ್ನ ಮಾತ್ರ ತಿಂದಿತ್ತು ಎಂದಾಗ ಏಳನೆಯ ತರಗತಿಯ ಹುಡುಗನೊಬ್ಬ “ಹಾಗಾದರೆ ಅದಕ್ಕೆ ಹಲ್ಲು ಯಾಕೆ ಟೀಚರ್?” ಎಂದು ಕೇಳಿದ. ಉತ್ತರ ಹೇಳಲು ಹೋದೆ. ನಂಬಿಕೆಗೆ ಅಡ್ಡ ಮಾತಾಡಿದೆ ಎಂದು ಕೆಲವರಿಗೆ ಬೇಸರವಾಯಿತು. ಸದ್ಯ ನಿಲ್ಲಿಸುವುದು ಒಳ್ಳೆಯದು ಎಂದು ಹೆಡ್‌ಮಾಷ್ಟ್ರು ಹೇಳಿದ್ದಾರೆ. ನಾನು ಓದಿದ್ದು ಕನ್ನಡ, ಚರಿತ್ರೆಯಲ್ಲ. ಯಾವುದು ನಿಜ ಎಂದು ನನ್ನಂಥವಳು ತಿಳಿಯುವುದು ಹೇಗೆ? ನೋಟ್‌ಬುಕ್‌ನಿಂದ ಎಂಟು ಸಂಗತಿ ಬರೆದು ಕಳಿಸಿದ್ದೇನೆ.

ಉತ್ತರ: ಟೀಚರ್, ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಕ್ಕಳ ತಲೆಗೆ ಸುಳ್ಳು ತುಂಬಿದೆನೇ ಎಂಬುದು ಒಂದು. ನಿಜ ಹೇಳಿದರೂ ಊರವರ ಮನಸ್ಸು ನೋಯುತ್ತದಲ್ಲ ಎಂಬುದು ಇನ್ನೊಂದು. ಇವೆರಡಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಬಿಡಿಸಿಯೇ ನೋಡೋಣ. ಮೊದಲೇ ಹೇಳಿಬಿಡುತ್ತೇನೆ: ನೀವು ಕಳಿಸಿದ ಎಂಟರಲ್ಲಿ ಪೂರ್ತಿ ಸುಳ್ಳು ಎರಡೇ. ಮೂರು ಪೂರ್ತಿ ನಿಜ. ಉಳಿದ ಮೂರರಲ್ಲಿ ಒಳಗಿನ ತಿರುಳು ಗಟ್ಟಿ ಉಂಟು, ಮೇಲೆ ಯಾರೋ ಬೆಲ್ಲ ಸವರಿದ್ದಾರೆ.

ಸುಳ್ಳು ಎರಡನ್ನು ಮೊದಲು ಮುಗಿಸುವ. ಚೀನಾದ ಗೋಡೆ ಚಂದ್ರನಿಂದ ಕಾಣುವುದಿಲ್ಲ. ಚಂದ್ರ ನಮ್ಮಿಂದ ಸುಮಾರು 3,84,000 ಕಿಲೋಮೀಟರ್ ದೂರ, ಗೋಡೆಯ ಅಗಲ ಹೆಚ್ಚಿನ ಕಡೆ ಐದಾರು ಮೀಟರ್. ಲೆಕ್ಕ ಹಾಕಿದರೆ, ನಾಲ್ಕೈದು ಕಿಲೋಮೀಟರ್ ಆಚೆ ಇರುವ ಒಂದೇ ಒಂದು ತಲೆಕೂದಲನ್ನು ಬರಿಗಣ್ಣಲ್ಲಿ ಕಂಡಂತೆ ಆಯಿತು. ಭೂಮಿಯ ಹತ್ತಿರವೇ ಸುತ್ತಿ ಬಂದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ಕೂಡ 2003ರಲ್ಲಿ ತನಗೆ ಗೋಡೆ ಕಾಣಲಿಲ್ಲ ಎಂದೇ ಹೇಳಿದರು. ನನಗೆ ಇದರಲ್ಲಿ ನಿಜಕ್ಕೂ ವಿಚಿತ್ರವೆನಿಸುವುದು ಈ ಮಾತಿನ ವಯಸ್ಸು. ವಿಲಿಯಂ ಸ್ಟೂಕ್ಲಿ ಎಂಬ ಇಂಗ್ಲಿಷ್ ವಿದ್ವಾಂಸ 1754ರ ಒಂದು ಪತ್ರದಲ್ಲೇ ಆ ಗೋಡೆ ಚಂದ್ರನಿಂದ ಕಂಡೀತು ಎಂದು ಬರೆದಿದ್ದ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಅಲ್ಲಿಗೆ ಹೋಗುವ ಇನ್ನೂರು ವರ್ಷ ಮೊದಲೇ ಅಲ್ಲಿಂದ ಏನು ಕಾಣುತ್ತದೆ ಎಂದು ಬರೆದಾಗಿತ್ತು! ಮಕ್ಕಳಿಗೆ ಇದನ್ನೇ ಹೇಳಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ತರಗತಿಯಲ್ಲಿ ಆ ಗೋಡೆಯ ಮಾತು ಹೇಳಿದ್ದೆ. ತಪ್ಪೆಂದು ತಿಳಿದ ಮೇಲೆ ಮರುವರ್ಷದವರಿಗೆ ತಿದ್ದಿ ಹೇಳಿದೆ. ಮೊದಲಿನ ಮಕ್ಕಳು ಅಷ್ಟರಲ್ಲಿ ಕಾಲೇಜು ಬಿಟ್ಟು ಹೋಗಿಯಾಗಿತ್ತು. ಆ ಬೇಸರ ಈಗಲೂ ಉಂಟು.

ಬೇಕಲದ ವಿಷಯದಲ್ಲಿ ಆ ಅಜ್ಜ ಹೇಳಿದ್ದೇ ಸರಿ. ಇಂದು ಕಾಣುವ ಕೋಟೆಯನ್ನು ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಅದಕ್ಕೂ ಹಿಂದೆ ಉತ್ತರ ಮಲಬಾರಿನ ಅರಸರಾದ ಕೋಲತ್ತಿರಿಗಳ ಕಾಲದಲ್ಲೇ ಅಲ್ಲಿ ಒಂದು ಕೋಟೆ ಇತ್ತು ಎನ್ನುವವರೂ ಇದ್ದಾರೆ. ಹೈದರಾಲಿ 1763ರಲ್ಲಿ ಕೆಳದಿ ಸಂಸ್ಥಾನವನ್ನು ಗೆದ್ದ ಮೇಲೆ ಕೋಟೆ ಮೈಸೂರಿನ ಕೈಗೆ ಬಂತು. ಟಿಪ್ಪು ಅದನ್ನು ಸೈನ್ಯಕ್ಕೆ ಬಳಸಿದ್ದು ನಿಜ, ಕಟ್ಟಿಸಿದ್ದು ಅಲ್ಲ. ಅವನು ಹುಟ್ಟುವ ಹೊತ್ತಿಗೆ ಆ ಕೋಟೆಗೆ ಹೆಚ್ಚುಕಡಿಮೆ ನೂರು ವರ್ಷ ಆಗಿತ್ತು. ಹಾಗಾದರೆ ಈ ತಪ್ಪು ಹೇಗೆ ಬಂತು? ಒಂದು ಕಾಲದ ನೂರು ಹೆಸರುಗಳಲ್ಲಿ ಒಂದೆರಡು ಮಾತ್ರ ಜನರ ಬಾಯಲ್ಲಿ ಉಳಿಯುತ್ತವೆ. ಉಳಿದವರು ಮಾಡಿದ ಕೆಲಸವೆಲ್ಲ ಆ ಒಂದೆರಡು ಹೆಸರುಗಳ ಲೆಕ್ಕಕ್ಕೆ ಜಮೆಯಾಗುತ್ತದೆ. ಕೋಟೆ ಎಂದರೆ ಟಿಪ್ಪು, ಗುಹೆ ಎಂದರೆ ಪಾಂಡವರು ಎನ್ನುವುದು ನಮ್ಮಲ್ಲಿ ಹೀಗೇ ಆದದ್ದು. ನಮ್ಮ ಮಕ್ಕಳ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ. ಶಿವಮೊಗ್ಗ ಸೀಮೆಯ ಮಲೆನಾಡಿನ ಒಂದು ಅರಸುಮನೆ ಬೇಕಲ ಇರುವ ಪಳ್ಳಿಕ್ಕರೆಯ ಸಮುದ್ರದ ಬದಿಯಲ್ಲಿ ಬಂದು ಕೋಟೆ ಕಟ್ಟಿತು, ಚಂದ್ರಗಿರಿ ಹೊಳೆಯ ದಂಡೆಯ ಕೋಟೆಯೂ ಅದೇ ನಾಯಕರದ್ದು ಎಂಬುದು ತಿಳಿದರೆ, ಈ ನೆಲದಲ್ಲಿ ಕನ್ನಡ ಯಾಕೆ ಉಂಟು ಎಂಬ ಪ್ರಶ್ನೆಗೂ ಒಂದು ಎಳೆ ಸಿಗುತ್ತದೆ.

ನಿಜವಾದ ಮೂರಕ್ಕೆ ಬರುತ್ತೇನೆ. ಕ್ಲಿಯೋಪಾತ್ರ ಪಿರಮಿಡ್ಡಿಗಿಂತ ಮನುಷ್ಯ ಚಂದ್ರನಿಗೆ ಹೋದ ಕಾಲಕ್ಕೇ ಹತ್ತಿರದವಳು ಎಂಬುದು ಸರಿ. ಗೀಜಾದ ದೊಡ್ಡ ಪಿರಮಿಡ್ ಕ್ರಿ.ಪೂ. 2560ರ ಸುಮಾರಿನದು, ಅವಳು ತೀರಿಕೊಂಡದ್ದು ಕ್ರಿ.ಪೂ. 30ರಲ್ಲಿ. ಅಂದರೆ ಹಿಂದಕ್ಕೆ 2500 ವರ್ಷ, ಮುಂದಕ್ಕೆ 1969ರವರೆಗೆ 2000 ವರ್ಷ. ಇಂಥ ಲೆಕ್ಕ ಮಕ್ಕಳಿಗೆ ಹಿಡಿಸಿದರೆ ಇನ್ನೊಂದು ಕೊಡಿ: ಆಕ್ಸ್‌ಫರ್ಡ್‌ನಲ್ಲಿ 1096ರ ಹೊತ್ತಿಗೇ ಪಾಠ ನಡೆಯುತ್ತಿತ್ತು. ವಿಜಯನಗರ ಸ್ಥಾಪನೆಯಾದದ್ದು 1336ರಲ್ಲಿ. ಭೂಮಿಯ ಆ ಬದಿಯಲ್ಲಿ ಆಜ್‌ಟೆಕ್ ಜನರು ತಮ್ಮ ರಾಜಧಾನಿಗೆ ಬುನಾದಿ ಹಾಕಿದ್ದು 1325ರಲ್ಲಿ.

ಪೂರ್ವ ಆಫ್ರಿಕದ ಜಾಂಜಿಬಾರ್ ದ್ವೀಪದ 38 ನಿಮಿಷದ ಯುದ್ಧವೂ ನಿಜ. 1896ರ ಆಗಸ್ಟ್ 27ರ ಬೆಳಿಗ್ಗೆ ನಡೆದದ್ದು. ಕೆಲವರು 45 ನಿಮಿಷ ಎಂದು ಎಣಿಸುತ್ತಾರೆ, ಅದು ದೊಡ್ಡ ವಿಷಯವಲ್ಲ. ನನಗೆ ಕಸಿವಿಸಿಯಾಗುವುದು ಇದನ್ನು ನಗೆಹನಿಯಂತೆ ಹೇಳುವಾಗ. ಬ್ರಿಟಿಷ್ ಹಡಗುಗಳ ಫಿರಂಗಿಗೆ ಅರಮನೆಯ ಕಡೆಯ ಸುಮಾರು 500 ಮಂದಿ ಸತ್ತರು ಅಥವಾ ಗಾಯಗೊಂಡರು. ಬ್ರಿಟಿಷರ ಕಡೆ ಗಾಯವಾದದ್ದು ಒಬ್ಬ ನಾವಿಕನಿಗೆ. ಆ 38 ಎಂಬ ಅಂಕಿಯ ಪಕ್ಕದಲ್ಲಿ ಈ 500 ಇಲ್ಲದಿದ್ದರೆ ದಯವಿಟ್ಟು ಮಕ್ಕಳಿಗೆ ಹೇಳಬೇಡಿ. ಅಮೆರಿಕದ ಬಾಸ್ಟನ್ ನಗರದ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ದಪ್ಪ ಪಾಕ) ಪ್ರವಾಹಕ್ಕೂ ಇದೇ ಮಾತು. 1919ರ ಜನವರಿ 15ರಂದು ದೊಡ್ಡ ಟ್ಯಾಂಕೊಂದು ಒಡೆದು ಸುಮಾರು 87 ಲಕ್ಷ ಲೀಟರ್ ಕಾಕಂಬಿ ಬೀದಿಗೆ ನುಗ್ಗಿತು, 21 ಜನ ಸತ್ತರು. ಟ್ಯಾಂಕ್ ಮೊದಲಿನಿಂದಲೂ ಸೋರುತ್ತಿತ್ತು. ರಿಪೇರಿ ಮಾಡಿಸುವ ಬದಲು ಸೋರಿದ್ದು ಕಾಣದ ಹಾಗೆ ಕಂದು ಬಣ್ಣ ಬಳಿಸಿದ್ದರು. ಆರನೇ ಏಳನೇ ತರಗತಿಯ ಮಕ್ಕಳಿಗೆ ಪ್ರವಾಹಕ್ಕಿಂತ ಆ ಬಣ್ಣದ ಸಂಗತಿ ಹೆಚ್ಚು ನೆನಪಿರುತ್ತದೆ, ನೋಡಿ.

ಇನ್ನು ಬೆಲ್ಲ ಸವರಿದ ಮೂರು. ಮೊದಲು, ಈಗ ಫ್ರಾನ್ಸ್‌ನಲ್ಲಿರುವ ಸ್ಟ್ರಾಸ್‌ಬರ್ಗ್ ನಗರದ ಕುಣಿತ, 1518ರದ್ದು. ಜನ ನಿಲ್ಲಿಸಲಾಗದೆ ದಿನಗಟ್ಟಲೆ ಕುಣಿದದ್ದು ಆ ಕಾಲದ ನಗರದ ಕಾಗದಪತ್ರಗಳಲ್ಲೇ ಉಂಟು. ಕುಣಿದೇ ವಾಸಿಯಾಗಲಿ ಎಂದು ನಗರಸಭೆ ಅವರಿಗೆ ಜಾಗ ಮಾಡಿಕೊಟ್ಟು ವಾದ್ಯದವರನ್ನೂ ನೇಮಿಸಿತ್ತು. ನಿಮ್ಮ ನೋಟ್‌ಬುಕ್‌ನಲ್ಲಿರುವ ‘ದಿನಕ್ಕೆ 15 ಸಾವು’ ಮಾತ್ರ ಆ ಕಾಲದ ಕಾಗದಗಳಲ್ಲಿ ಇಲ್ಲ, ಅದು ಆಮೇಲೆ ಸೇರಿಕೊಂಡದ್ದು. ಅಷ್ಟನ್ನು ಹೊಡೆದುಹಾಕಿದರೆ ಉಳಿದದ್ದು ಧೈರ್ಯವಾಗಿ ಹೇಳಬಹುದು.

ಈಗ ಎಂಟನೆಯದು, ‘ಎರಡು ಸಾವಿರ ವರ್ಷದ ಗ್ರೀಕ್ ನಾಟಕದಲ್ಲಿ ಕನ್ನಡ ಸಂಭಾಷಣೆ’. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಇದು ನಮ್ಮ ಜಿಲ್ಲೆಯ ಆಸ್ತಿಯೂ ಹೌದು.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳು ಪಟ್ಟಣದ ಹೊರಗೆ ಕಸದ ಗುಡ್ಡೆಗಳಿದ್ದವು. ಮಳೆ ಇಲ್ಲದ ಮರಳುಗಾಡಾದ ಕಾರಣ ಅಲ್ಲಿ ಬಿಸಾಡಿದ ಪಪೈರಸ್ (ಜೊಂಡಿನಿಂದ ಮಾಡಿದ) ಹಾಳೆಗಳು ಕೊಳೆಯದೆ ಉಳಿದಿದ್ದವು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ಆ ಗುಡ್ಡೆಗಳನ್ನು ಅಗೆಸಿ, ಸಿಕ್ಕ ಹಾಳೆಗಳಲ್ಲಿ 413ನೆಯ ಸಂಖ್ಯೆಯದನ್ನು 1903ರಲ್ಲಿ ಪ್ರಕಟಿಸಿದರು. ಕ್ರಿ.ಶ. ಎರಡನೆಯ ಶತಮಾನದ ಪ್ರತಿ ಅದು, ಒಂದು ಪ್ರಹಸನ. ಖಾರಿಷನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಸೆರೆಸಿಕ್ಕಿ ಒಂದು ದೇವಾಲಯದಲ್ಲಿದ್ದಾಳೆ. ಅಣ್ಣ ಹಡಗಿನವರೊಂದಿಗೆ ಬರುತ್ತಾನೆ, ಅಲ್ಲಿನ ರಾಜನಿಗೆ ನೀರು ಬೆರೆಸದ ಮದ್ಯ ಕುಡಿಸಿ ಮತ್ತೇರಿಸಿ ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ನಡುವೆ ರಾಜ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಗ್ರೀಕ್ ಲಿಪಿಯಲ್ಲಿ ಬರೆದ ಬೇರೆ ಯಾವುದೋ ನುಡಿ. 1904ರಲ್ಲಿ ಶಾಸನತಜ್ಞ ಹುಲ್ಷ್ ಅದು ಕನ್ನಡ ಇರಬಹುದು ಎಂದರು. ಆರ್. ಶಾಮಶಾಸ್ತ್ರಿಗಳು ಅದನ್ನು ಒಪ್ಪಿ ಮುಂದುವರಿಸಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಕೈಗೆತ್ತಿಕೊಂಡು ಚರ್ಚಿಸಿದರು. ಬಾರ್ನೆಟ್ ಎಂಬ ವಿದ್ವಾಂಸ 1926ರಲ್ಲಿ ಇದು ಕನ್ನಡವೆನ್ನಲು ಆಧಾರ ಸಾಲದು ಎಂದು ಬರೆದರು. ಆಮೇಲೆ ತುಳು ಇರಬಹುದು ಎಂಬ ವಾದವೂ ಬಂತು. ಜನರನ್ನು ನಗಿಸಲು ನಟರು ಆಡುವ ಅರ್ಥವಿಲ್ಲದ ಶಬ್ದಗಳೇ ಇರಬಹುದು ಎನ್ನುವವರೂ ಇದ್ದಾರೆ.

ನಿಮ್ಮ ಫಾರ್ವರ್ಡ್‌ನಲ್ಲಿ ಏನಾಗಿದೆ ನೋಡಿ. ಹುಲ್ಷ್ ಬರೆದ ‘ಇರಬಹುದು’ ಒಬ್ಬರಿಂದೊಬ್ಬರಿಗೆ ದಾಟುವಾಗ ‘ಇದೆ’ ಆಯಿತು, ಮತ್ತೆ ‘ಜಗತ್ತೇ ಒಪ್ಪಿದೆ’ ಆಯಿತು. ಹಳೆಯ ಕಾಗದ ಓದುವ ಕೆಲಸದಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ. ಯಾರೂ ಬೇಕೆಂದು ಸುಳ್ಳು ಹೇಳಿರುವುದಿಲ್ಲ, ವಾಕ್ಯದ ಕೊನೆಯ ಒಂದು ಕ್ರಿಯಾಪದ ಬದಲಾಗಿರುತ್ತದೆ. ನೀವು ಕನ್ನಡ ಓದಿದವರು. ಈ ವ್ಯತ್ಯಾಸ ಚರಿತ್ರೆ ಓದಿದವರಿಗಿಂತ ನಿಮ್ಮ ಕಣ್ಣಿಗೇ ಮೊದಲು ಬೀಳಬೇಕು. ಮಕ್ಕಳಿಗೆ ವಾದವನ್ನು ವಾದವಾಗಿಯೇ ಹೇಳಿ. ಕಸದ ಗುಡ್ಡೆ, ಹಡಗು, ಮತ್ತೇರಿದ ರಾಜ, ಯಾರಿಗೂ ಖಚಿತವಾಗಿ ಬಿಡಿಸಲಾಗದ ಮಾತುಗಳು, ಅದರ ಮೇಲೆ ತಲೆ ಕೆಡಿಸಿಕೊಂಡ ಮಂಜೇಶ್ವರದ ಕವಿ. ಇಷ್ಟಿದ್ದ ಮೇಲೆ ‘ಜಗತ್ತೇ ಒಪ್ಪಿದೆ’ ಎಂಬ ಒಗ್ಗರಣೆ ಏಕೆ ಬೇಕು?

ಈ ಕರಾವಳಿಗೆ ಈಜಿಪ್ಟಿನಿಂದ ಇನ್ನೊಂದು ಉಡುಗೊರೆ ಬಂದಿದೆ, ಅದರಲ್ಲಿ ಯಾವ ಅನುಮಾನವೂ ಇಲ್ಲ. ನಿಮ್ಮ ಪಟ್ಟಿಯಲ್ಲಿ ಇದು ಇಲ್ಲದಿರುವುದು ನೋಡಿ ಬೇಸರವಾಯಿತು, ಆದ್ದರಿಂದ ಸೇರಿಸುತ್ತೇನೆ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದು ಎಂಬುದು ಯಹೂದ್ಯರ ಕ್ರಮ. ಹಾಗೆಂದು ಕೈರೋದ ಹಳೆಯ ಊರಿನ ಒಂದು ಯಹೂದಿ ಪ್ರಾರ್ಥನಾ ಮಂದಿರದಲ್ಲಿ ನೂರಾರು ವರ್ಷ ಕಾಗದಗಳನ್ನು ಒಂದು ಕೋಣೆಗೆ ಹಾಕುತ್ತಾ ಬಂದಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವು ವಿದ್ವಾಂಸರ ಕೈಗೆ ಬಂದವು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳಿವೆ. ಟುನೀಸಿಯದ ಕಡೆಯವನು, 1132ರ ಹೊತ್ತಿಗೆ ನಮ್ಮ ಮಂಗಳೂರಿಗೆ ಬಂದು ಹದಿನೇಳು ವರ್ಷದಷ್ಟು ಈ ಸೀಮೆಯಲ್ಲೇ ಇದ್ದ. ಹಿತ್ತಾಳೆ ಪಾತ್ರೆಯ ಕಾರ್ಖಾನೆ ನಡೆಸಿದ, ಆಶು ಎಂಬ ಹೆಣ್ಣುಮಗಳನ್ನು ದಾಸ್ಯದಿಂದ ಬಿಡುಗಡೆ ಮಾಡಿ ಮಂಗಳೂರಿನಲ್ಲೇ ಪತ್ರ ಬರೆಸಿದ. ಯೆಮೆನ್‌ನ ಏಡನ್ ಬಂದರಿನಲ್ಲಿದ್ದ ಸ್ನೇಹಿತರು ಅವನಿಗೆ ಬರೆಯಲು ಕಾಗದ, ತಿನ್ನಲು ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಅವನು ಇಲ್ಲಿಂದ ಅವರಿಗೆ ಕಳಿಸಿದ ಸರಕಿನಲ್ಲಿ ಅಡಿಕೆಯೂ ಇತ್ತು. ಏಲಕ್ಕಿಗೆ ಮುಂಗಡ ಕೊಟ್ಟು ಮಾಲು ಬಾರದೆ ಹೋದ ಒಂದು ತಕರಾರೂ ಆ ಪತ್ರಗಳಲ್ಲಿ ಉಂಟು. ಅಡಿಕೆ ಸುಲಿಯುವ ಮನೆಗಳಿಂದ ಬರುವ ನಿಮ್ಮ ಮಕ್ಕಳಿಗೆ ಸುಮಾರು ಒಂಬೈನೂರು ವರ್ಷ ಹಿಂದಿನ ಈ ಮನುಷ್ಯ ನೆಂಟನ ಹಾಗೆ ಅನಿಸಿಯಾನು. ನಿಮ್ಮ ಹತ್ತಿರದ ಕುಂಬಳೆಯದ್ದೇ ಬೇಕೆಂದರೆ ಅದೂ ಉಂಟು: 1514ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದುಆರ್ತೆ ಬರ್ಬೋಸ, ಇಲ್ಲಿಂದ ಮಾಲ್ಡೀವ್ಸ್‌ಗೆ ಅಕ್ಕಿ ಹೋಗುತ್ತದೆ, ಬದಲಿಗೆ ತೆಂಗಿನ ನಾರಿನ ಹುರಿ ಬರುತ್ತದೆ ಎಂದು ಬರೆದಿಟ್ಟಿದ್ದಾನೆ. ಇಂದು ಅಕ್ಕಿಯನ್ನು ಹೊರಗಿನಿಂದ ತರಿಸಿಕೊಳ್ಳುವ, ತೋಟದ ತುಂಬ ತೆಂಗು ಇರುವ ಊರಿನ ಕತೆ ಇದು!

ಇನ್ನು ಬಬಿಯಾ. ಆ ಹುಡುಗನ ‘ಹಲ್ಲು ಯಾಕೆ’ ಎಂಬ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು, ಅವನಿಗೆ ನನ್ನ ಪರವಾಗಿ ಹೇಳಿ. ಇಲ್ಲಿ ಜನ ಕಣ್ಣಾರೆ ಕಂಡದ್ದು ಇಷ್ಟು: ಅನಂತಪುರದ ಕೆರೆಯಲ್ಲಿ ಒಂದು ಮೊಸಳೆ ದಶಕಗಟ್ಟಲೆ ಒಂಟಿಯಾಗಿ ಇತ್ತು, ಪೂಜೆಯ ಬಳಿಕ ಕೊಡುವ ಅನ್ನದ ನೈವೇದ್ಯವನ್ನು ಸ್ವೀಕರಿಸುತ್ತಿತ್ತು, 2022ರ ಅಕ್ಟೋಬರ್ 9ರಂದು ತೀರಿಕೊಂಡಿತು. ಮರುವರ್ಷದ ನವೆಂಬರ್‌ನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡದ್ದೂ ಪತ್ರಿಕೆಗಳಲ್ಲಿ ಬಂತು. ನೀರಿನೊಳಗೆ, ರಾತ್ರಿಹೊತ್ತು ಅದು ಏನು ತಿಂದಿತು, ಏನು ಬಿಟ್ಟಿತು ಎಂದು ಯಾರೂ ಕೂತು ನೋಡಿದ್ದಲ್ಲ. ಆದ್ದರಿಂದ ‘ಅನ್ನ ತಿನ್ನುತ್ತಿತ್ತು’ ಎಂಬುದು ಕಂಡ ಮಾತು, ‘ಅನ್ನ ಮಾತ್ರ’ ಎಂಬುದು ಸೇರಿಸಿದ ಮಾತು. ಮೊಸಳೆಯ ದೇಹ ಮಾಂಸಕ್ಕೆ, ಮೀನಿಗೆ ಹೊಂದಿದ್ದು. ಮೈಯ ಶಾಖ ಕಾಯ್ದುಕೊಳ್ಳಲು ನಮ್ಮ ಹಾಗೆ ಆಹಾರ ಸುಡಬೇಕಿಲ್ಲದ ಕಾರಣ ಅದು ತಿಂಗಳುಗಟ್ಟಲೆ ಉಪವಾಸವೂ ಇರಬಲ್ಲದು. ಮೊಸಳೆ ಜಾತಿಯ 18 ಪ್ರಾಣಿಗಳ ಆಹಾರವನ್ನು ನೋಡಿದ ವಿಜ್ಞಾನಿಗಳಿಗೆ 13ರಲ್ಲಿ ಹಣ್ಣು ತಿಂದ ಗುರುತು ಸಿಕ್ಕಿದ್ದನ್ನೂ ಆ ಹುಡುಗನಿಗೆ ಹೇಳಿ, ಅವನು ಇನ್ನೂ ನಾಲ್ಕು ಪ್ರಶ್ನೆ ಕೇಳಲಿ. 1945ರಲ್ಲಿ ಸಿಪಾಯಿಯೊಬ್ಬ ಹಿಂದಿನ ಮೊಸಳೆಗೆ ಗುಂಡು ಹೊಡೆದು ತಾನೂ ಹಾವು ಕಚ್ಚಿ ಸತ್ತ ಎಂಬುದನ್ನು ‘ಊರವರು ಹೇಳುತ್ತಾರೆ’ ಎಂಬ ಎರಡು ಪದ ಸೇರಿಸಿ ಹೇಳಿ. ಅದು ನಂಬಿಕೆಯನ್ನು ಕುಗ್ಗಿಸುವ ಮಾತಲ್ಲ. ಹೇಳಿದವರ ಹೆಸರಿನಲ್ಲಿ ಹೇಳಿದ ಗೌರವ. ಕೈಯಲ್ಲಿ ಅನ್ನ ಹಿಡಿದು ಮೊಸಳೆಯ ಬಾಯಿಯ ಹತ್ತಿರ ಹೋದ ಅರ್ಚಕರು, ಕೈ ಕಚ್ಚದೆ ಅನ್ನ ತೆಗೆದುಕೊಂಡ ಮೊಸಳೆ — ಇದರಲ್ಲಿ ‘ಮಾತ್ರ’ ತೆಗೆದರೆ ಏನು ಕಡಿಮೆಯಾಯಿತು?

ಪರೀಕ್ಷಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಮಾಡುವುದು ಇಷ್ಟೇ. ಈ ಮಾತನ್ನು ಮೊದಲು ಬರೆದವರು ಆ ಘಟನೆಗೆ ಎಷ್ಟು ಹತ್ತಿರ ಇದ್ದರು, ಆ ಬರಹ ಈಗ ಎಲ್ಲಿದೆ ಎಂದು ಹುಡುಕುತ್ತೇನೆ. ಎರಡಕ್ಕೂ ಉತ್ತರ ಸಿಗದಿದ್ದರೆ ಬದಿಗಿಡುತ್ತೇನೆ. ‘ಮಾತ್ರ’, ‘ಮೊತ್ತಮೊದಲು’, ‘ಜಗತ್ತಿನಲ್ಲೇ’ ಎಂಬ ಪದ ಕಂಡರೆ ಅದನ್ನು ತೆಗೆದು ಓದುತ್ತೇನೆ, ಆಗ ಉಳಿಯುವುದೇನು ಎಂದು ನೋಡುತ್ತೇನೆ. ದೊಡ್ಡ ಸಂಸ್ಥೆಯ ಮೊಹರು ಹೊತ್ತು ಬಂದದ್ದನ್ನು ಆ ಸಂಸ್ಥೆಯಲ್ಲೇ ವಿಚಾರಿಸಬೇಕು. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿತು ಎಂಬುದು ನಿಮಗೂ ಬಂದಿರಬೇಕು. ಅಂಥ ಘೋಷಣೆಯನ್ನು ಯುನೆಸ್ಕೊ ಮಾಡಿಯೇ ಇಲ್ಲ.

ಮುಂದೇನು? ಹೆಡ್‌ಮಾಷ್ಟ್ರು ಹೇಳಿದ ಹಾಗೆ ನಿಲ್ಲಿಸಬಹುದು. ಆಗ ತಕರಾರು ನಿಲ್ಲುತ್ತದೆ, ಮಕ್ಕಳ ಫೋನಿಗೆ ಬರುವ ಸುಳ್ಳು ನಿಲ್ಲುವುದಿಲ್ಲ. ಕೇಳಲು ಒಬ್ಬ ಟೀಚರ್ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಪಾಠಪುಸ್ತಕದಲ್ಲಿ ಇದ್ದದ್ದನ್ನೇ ಹೇಳುತ್ತೇನೆ ಎಂದರೆ ನಿಮಗೆ ಅಪಾಯವಿಲ್ಲ, ಆದರೆ ಹದಿನೈದು ದಿನದಲ್ಲಿ ಮಕ್ಕಳು ಕೇಳುವುದನ್ನು ಬಿಡುತ್ತಾರೆ. ವಾರಕ್ಕೆ ಐದರ ಬದಲು ಒಂದೇ ಹೇಳಿ, ಆ ಒಂದನ್ನು ಪರೀಕ್ಷಿಸಿ ಹೇಳಿ ಎನ್ನುವುದು ನನ್ನ ಸಲಹೆ. ಇದಕ್ಕೆ ನಿಮ್ಮ ಭಾನುವಾರದ ಒಂದು ಗಂಟೆ ಹೋಗುತ್ತದೆ. ಅಷ್ಟಾದರೂ ಕೆಲವೊಮ್ಮೆ ತಪ್ಪು ಬಂದೀತು, ಬಂದರೆ ಅದೇ ವಾರ ಅದೇ ಅಸೆಂಬ್ಲಿಯಲ್ಲಿ ತಿದ್ದಿಬಿಡಿ. ತಡಮಾಡಿದರೆ ಏನಾಗುತ್ತದೆ ಎಂಬುದನ್ನು ಆಗಲೇ ಹೇಳಿದ್ದೇನೆ.

ಇನ್ನೊಂದು ದಾರಿ ಉಂಟು: ಮನೆಯಿಂದಲೇ ವಿಚಿತ್ರಗಳನ್ನು ತರಲು ಮಕ್ಕಳಿಗೆ ಹೇಳುವುದು. ಬಾವಿ ಎಂದರೆ ಎಲ್ಲ ಕಡೆ ಕೆಳಕ್ಕೆ ತೋಡುವುದು; ಬಾಯಾರು, ಎಣ್ಮಕಜೆ, ಬದಿಯಡ್ಕದ ಗುಡ್ಡಗಳಲ್ಲಿ ಮುರಕಲ್ಲನ್ನು (ಜಂಬಿಟ್ಟಿಗೆ) ಅಡ್ಡಕ್ಕೆ ಕೊರೆದು ಆಳೆತ್ತರದ ಸುರಂಗದಿಂದ ನೀರು ತಾನಾಗಿ ಹರಿದು ಬರುವ ಹಾಗೆ ಮಾಡಿದ್ದಾರೆ. ಇರಾನಿನ ಖನಾತ್ ಎಂಬ ನೀರಿನ ಸುರಂಗಗಳಿಗೆ ಇದನ್ನು ಹೋಲಿಸಿದವರಿದ್ದಾರೆ. ಹೋಲಿಕೆ ಎಂದೇ ಹೇಳಿ, ಅಲ್ಲಿಂದಲೇ ಬಂತು ಎನ್ನಬೇಡಿ. ಕೊರೆಯುವವರು ಒಳಗೆ ಮೊಂಬತ್ತಿ ಹಚ್ಚಿಟ್ಟು, ಅದು ನಂದಿದರೆ ಉಸಿರಾಡಲು ಗಾಳಿ ಸಾಲದು ಎಂದು ತಿಳಿದು ಹೊರಗೆ ಬರುತ್ತಿದ್ದರು. ಅದೇ ಕಾರಣಕ್ಕೆ ಒಂದು ಎಚ್ಚರ: ಸುರಂಗದ ಬಗ್ಗೆ ಅಜ್ಜನಲ್ಲಿ ಕೇಳಿ ಬರೆಯಲಿ, ಯಾವ ಮಗುವೂ ಒಳಗೆ ಹೋಗಕೂಡದು. ಹಳೆಯ ಓಲೆಗರಿ, ಪತ್ರಗಳನ್ನು ಶಾಲೆಗೆ ತರಿಸುವುದೂ ಬೇಡ. ರಾಜರ ಕಾಲದ ಶಾಸನವೆಂದು ಒಂದು ಮನೆಯವರು ತಲೆಮಾರುಗಟ್ಟಲೆ ದೇವರ ಕೋಣೆಯಲ್ಲಿಟ್ಟಿದ್ದ ಓಲೆಯನ್ನು ನಾನು ಬಿಡಿಸಿ ಓದಿದಾಗ ಅದು ಗದ್ದೆಯ ಅಡವು ಪತ್ರವಾಗಿತ್ತು. ಚಾವಡಿಯಲ್ಲಿ ಕೂತಿದ್ದ ದಾಯಾದಿಗಳು ಅವತ್ತು ಊಟ ಮಾಡದೆ ಎದ್ದು ಹೋದರು. ಅಂಥ ಕಾಗದದ ವಿಷಯ ಬಂದರೆ ಮನೆಯ ಹಿರಿಯರು ಓದಲು ಬಲ್ಲವರನ್ನು ಮನೆಗೇ ಕರೆಸಿಕೊಳ್ಳಲಿ.

ನೋಟ್‌ಬುಕ್‌ನಲ್ಲಿ ಪ್ರತಿ ಸಂಗತಿಯ ಪಕ್ಕ ಒಂದು ಗೆರೆ ಎಳೆದು ‘ಯಾರು ಬರೆದದ್ದು, ಯಾವಾಗ’ ಎಂದು ತುಂಬಿಸಿ. ಖಾಲಿ ಉಳಿದದ್ದನ್ನು ಖಾಲಿಯಾಗಿಯೇ ಬಿಡಿ. ಸೋಮವಾರ ಬೇಕಲದಿಂದ ಶುರುಮಾಡಿ, ಸಾಧ್ಯವಾದರೆ ಶಾಲೆಗೆ ಬಂದಿದ್ದ ಆ ಅಜ್ಜನನ್ನೇ ಕರೆದು ಶಿವಪ್ಪ ನಾಯಕನ ಹೆಸರನ್ನು ಅವರ ಬಾಯಿಯಿಂದಲೇ ಹೇಳಿಸಿ.